ಹನ್ನೊಂದೂವರೆಯ ಹಸಿವು, ಹಪ್ಪಳದ ಡಬ್ಬ

ಪ್ರಶ್ನೆ: ವಯಸ್ಸು 32, ಎತ್ತರ 176 ಸೆಂ.ಮೀ. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಕುಂಬಳೆವರೆಗೆ ಬೈಕು, ಅಲ್ಲಿಂದ ರೈಲು. ಒಂದು ವರ್ಷದಲ್ಲಿ 79 ಕಿಲೋದಿಂದ 71ಕ್ಕೆ ಇಳಿದಿದ್ದೇನೆ. ವಾರಕ್ಕೆ ಐದು ದಿನ ಬೆಳಿಗ್ಗೆ ಐದೂವರೆಗೆ ಜಿಮ್. ಬಂದು ಒಂದು ಬಟ್ಟಲು ಓಟ್ಸ್, ಸಕ್ಕರೆ ಹಾಕದ ಕಾಫಿ. ಮಧ್ಯಾಹ್ನ ಮೂರು ಚಪಾತಿ, ಪಲ್ಯ, ಸೌತೆಕಾಯಿ. ಸಂಜೆ ಕಪ್ಪು ಚಾ. ರಾತ್ರಿ ಎಂಟೂವರೆಗೆ ತರಕಾರಿ ಸೂಪು ಮಾತ್ರ. ರಾತ್ರಿ ಅನ್ನ ಬಿಟ್ಟು ಆರು ತಿಂಗಳಾಯಿತು. ಆದರೆ ಹನ್ನೊಂದೂವರೆಯ ಹೊತ್ತಿಗೆ ತಡೆಯಲಾರದ ಹಸಿವು. ನೇಂದ್ರಬಾಳೆ ಚಿಪ್ಸ್, ಅಮ್ಮ ಕರಿದಿಟ್ಟ ಹಲಸಿನ ಹಪ್ಪಳ, ಫ್ರಿಜ್ಜಿನಲ್ಲಿ ಉಳಿದದ್ದು, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಹೋಗುತ್ತದೆ. ಮಲಗುವಾಗ ಹನ್ನೆರಡೂವರೆ. ಬೇಜಾರಾಗಿ ಮರುದಿನ ಓಟ್ಸೂ ಬಿಡುತ್ತೇನೆ. ಶನಿವಾರ ಗೆಳೆಯರೊಟ್ಟಿಗೆ ರಸ್ತೆಬದಿಯ ತಟ್ಟುಕಡೆಯ ಪರೋಟ, ಆದಿತ್ಯವಾರ ಹೆಚ್ಚಾಗಿ ಮದುವೆ, ಪೂಜೆ ಎಂದು ಎಲ್ಲಾದರೂ ಜೆಂಬರದ ಊಟ. ಎರಡು ತಿಂಗಳಿಂದ ತೂಕ ಅಲ್ಲೇ ನಿಂತಿದೆ. ಮನೆಯಲ್ಲಿ ಸಸ್ಯಾಹಾರ, ಹೊರಗೆ ಮೊಟ್ಟೆ ತಿನ್ನುತ್ತೇನೆ. ಇನ್ನು ನಾಲ್ಕು ತಿಂಗಳಲ್ಲಿ ಮದುವೆ, ಅಷ್ಟರೊಳಗೆ 66 ಆಗಬೇಕು. ನನ್ನ ಮನಸ್ಸು ಗಟ್ಟಿಯಿಲ್ಲವೇ? ರಾತ್ರಿ ಹಸಿವಾದರೆ ನೀರು ಕುಡಿದು ಮಲಗಬೇಕೇ?

ಉತ್ತರ: ಕೊನೆಯದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀರು ಕುಡಿದು ಮಲಗುವ ಉಪಾಯ ಬೇಡ. ಹೊಟ್ಟೆ ತುಂಬ ನೀರು ಕುಡಿದರೆ ಹಸಿವು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಅದೂ ಏಳುತ್ತದೆ, ಮೂತ್ರಕ್ಕೆಂದು ನೀವೂ ಏಳುತ್ತೀರಿ. ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲಿಗೆ ಹೋಗುವ ದಾರಿ ಅಡುಗೆಕೋಣೆಯ ಎದುರಿನಿಂದಲೇ ಅಲ್ಲವೇ?

ಮನಸ್ಸು ಗಟ್ಟಿಯಿಲ್ಲ ಎಂಬ ಮಾತನ್ನು ಬಿಟ್ಟುಬಿಡಿ. ವಾರಕ್ಕೆ ಐದು ದಿನ ಐದಕ್ಕೆ ಏಳುವವರು ನೀವು. ನಿಮ್ಮ ಪತ್ರ ಓದುತ್ತಾ ಹಪ್ಪಳ, ಚಿಪ್ಸು ಎಲ್ಲ ದಾಟಿ ಬಂದೆ. ನನ್ನ ಕಣ್ಣು ಸಿಕ್ಕಿಕೊಂಡದ್ದು ಆ ಸೂಪಿನಲ್ಲಿ.

ಲೆಕ್ಕ ಹಾಕೋಣ. ನಿಮ್ಮ ಎತ್ತರ, ತೂಕ, ವಯಸ್ಸಿನ ಗಂಡಸಿನ ದೇಹ ಇಡೀ ದಿನ ಸುಮ್ಮನೆ ಮಲಗಿದ್ದರೂ ಸುಮಾರು 1,650 ಕ್ಯಾಲೊರಿ ಖರ್ಚು ಮಾಡುತ್ತದೆ. ಜಿಮ್ಮು, ಸ್ಟೇಷನಿನ ಮೆಟ್ಟಿಲು, ಆಫೀಸು ಎಲ್ಲ ಸೇರಿದರೆ 2,300ರ ಆಸುಪಾಸು. ನೀವು ರಾತ್ರಿ ಒಂಬತ್ತರವರೆಗೆ ತಿಂದದ್ದನ್ನು ಕೂಡಿಸಿದರೆ, ಎಷ್ಟು ಉದಾರವಾಗಿ ಹಿಡಿದರೂ, 1,000 ಆಸುಪಾಸಿಗೇ ನಿಲ್ಲುತ್ತದೆ. ಅರ್ಧಕ್ಕಿಂತ ಕಡಿಮೆ! ಉಳಿದದ್ದನ್ನು ದೇಹ ಎಲ್ಲಿಂದ ತರಬೇಕು? ಕೊಬ್ಬಿನಿಂದ ಸ್ವಲ್ಪ ತರುತ್ತದೆ, ನಿಜ. ಆದರೆ ಇಷ್ಟು ದೊಡ್ಡ ಕೊರತೆಯನ್ನು ಅದು ಮಾತಿಲ್ಲದೆ ಒಪ್ಪಿಕೊಳ್ಳುವುದಿಲ್ಲ. 100 ಗ್ರಾಂ ಚಿಪ್ಸಿನಲ್ಲಿಯೇ 500ಕ್ಕಿಂತ ಹೆಚ್ಚು ಕ್ಯಾಲೊರಿ ಉಂಟು. ಅದರ ಮೇಲೆ ಹಪ್ಪಳ. ಒಂದು ಚಿಕ್ಕ ಚಮಚ ತೆಂಗಿನೆಣ್ಣೆ ಎಂದರೆ ಸುಮಾರು 40 ಕ್ಯಾಲೊರಿ, ಆರು ಹಪ್ಪಳ ಕರಿದ ಮೇಲೆ ಬಾಣಲೆಯ ಎಣ್ಣೆ ಎಷ್ಟು ಇಳಿದಿದೆ ಎಂದು ಒಮ್ಮೆ ನೋಡಿ. ಹಾಗೆ ರಾತ್ರಿ 800 ಬರುತ್ತದೆ, ಶನಿವಾರದ ಪರೋಟ ಮತ್ತು ಆದಿತ್ಯವಾರದ ಪಾಯಸ ಉಳಿದ ಬಾಕಿಯನ್ನು ತೀರಿಸುತ್ತವೆ. ತೂಕ ನಿಂತಿದೆ ಎಂದರೆ ವಾರದ ಸರಾಸರಿಯಲ್ಲಿ ಖರ್ಚಾಗುವಷ್ಟನ್ನೇ ನೀವು ತಿನ್ನುತ್ತಿದ್ದೀರಿ ಎಂದೇ ಅರ್ಥ. ಇಷ್ಟೆಲ್ಲ ಕಷ್ಟಪಟ್ಟು ಕೊನೆಗೆ ಹೊಟ್ಟೆ ತುಂಬ ಉಂಡವನ ಲೆಕ್ಕಕ್ಕೇ ಬಂದು ನಿಲ್ಲುವುದು, ಅದೂ ಉಂಡ ಸುಖವಿಲ್ಲದೆ. ನನಗೆ ಅದೇ ಬೇಸರ.

ಹಾಗಾದರೆ ಹಸಿವು ಮಧ್ಯಾಹ್ನ ಎರಡಕ್ಕೆ ಬಾರದೆ ರಾತ್ರಿಯೇ ಯಾಕೆ ಬರಬೇಕು? ಒಂದು ಕಾರಣ ಎಲ್ಲರಿಗೂ ಇರುವಂಥದ್ದು. ನಮ್ಮ ಒಳಗಿನ ಗಡಿಯಾರವೇ ಹಾಗೆ ಕಟ್ಟಿದೆ. 2013ರಲ್ಲಿ ಅಮೆರಿಕದ ಬಾಸ್ಟನ್ನಿನ ಸಂಶೋಧಕರು 12 ಮಂದಿಯನ್ನು ಹೊರಗಿನ ಬೆಳಕು, ಗಡಿಯಾರ ಯಾವುದೂ ತಿಳಿಯದ ಕೋಣೆಗಳಲ್ಲಿ ಇರಿಸಿ ನೋಡಿದ್ದರು. ಊಟ, ನಿದ್ದೆಯ ಪ್ರಭಾವವನ್ನು ಕಳೆದು ನೋಡಿದರೂ ಹಸಿವು ಬೆಳಿಗ್ಗೆ ಎಂಟರ ಸುಮಾರಿಗೆ ಅತಿ ಕಡಿಮೆ, ರಾತ್ರಿ ಎಂಟರ ಸುಮಾರಿಗೆ ಅತಿ ಹೆಚ್ಚು. ಸಿಹಿ, ಉಪ್ಪು, ಗಂಜಿಯಂಥ ಪಿಷ್ಟದ ಆಸೆಯೂ ಆಗಲೇ ಜಾಸ್ತಿ. ಬೆಳಿಗ್ಗೆ ಓಟ್ಸು ಬಿಡುವುದು ನಿಮಗೆ ಸುಲಭ, ರಾತ್ರಿ ಡಬ್ಬ ಮುಚ್ಚಿಡುವುದು ಕಷ್ಟ; ಇದರಲ್ಲಿ ನಿಮ್ಮ ಗುಣದೋಷದ ಪ್ರಶ್ನೆ ಬರುವುದಿಲ್ಲ. ನೀವು ಸೂಪು ಕುಡಿಯುವ ಹೊತ್ತು ಯಾವುದು ಎಂದು ಈಗ ನೋಡಿ. ಹಸಿವು ಏರಿ ನಿಂತ ಗಳಿಗೆಗೇ ಬಿಸಿನೀರಿನಲ್ಲಿ ನಾಲ್ಕು ಹೋಳು ಕ್ಯಾರೆಟ್ಟು.

ಇನ್ನೊಂದು ಕಾರಣ ನೀವೇ ಕಲಿಸಿದ್ದು. ಹೊಟ್ಟೆಯಲ್ಲಿ ಗ್ರೆಲಿನ್ ಎಂಬ ಹಾರ್ಮೋನು ಹುಟ್ಟುತ್ತದೆ, ಹಸಿವಿನ ಕರೆಗಂಟೆ ಅದು. ದಿನಾ ಯಾವ ಹೊತ್ತಿಗೆ ತಿನ್ನುತ್ತೀರೋ ಆ ಹೊತ್ತಿಗೆ ಮುಂಚೆ ಅದು ತಾನಾಗಿ ಏರಲು ಕಲಿಯುತ್ತದೆ. ಯಕ್ಷಗಾನದ ಮೇಳದಲ್ಲಿ ಇರುವ ಕಲಾವಿದರು ಕೆಲವರು ನನ್ನಲ್ಲಿಗೆ ಬರುತ್ತಾರೆ. ಇಡೀ ರಾತ್ರಿಯ ಆಟದ ಕಾಲದಲ್ಲಿ ಅವರಿಗೆ ನಡುರಾತ್ರಿ ಎರಡಕ್ಕೆ ಹೊಟ್ಟೆ ಚುರುಗುಟ್ಟುವುದು ವಾಡಿಕೆ. ಮಳೆಗಾಲದಲ್ಲಿ ಮೇಳದ ತಿರುಗಾಟ ನಿಂತು ಮನೆಯಲ್ಲಿ ಮಲಗಿದರೂ ಎರಡಕ್ಕೇ ಎಚ್ಚರ, ಎರಡಕ್ಕೇ ಹಸಿವು. ಎರಡು ಮೂರು ವಾರ ಕಳೆದ ಮೇಲೆ ತಣ್ಣಗಾಗುತ್ತದೆ ಎನ್ನುತ್ತಾರೆ. ನಿಮ್ಮದೂ ಅದೇ ಕಥೆ, ವೇಷ ಕಟ್ಟಿಲ್ಲ ಅಷ್ಟೆ. ಆರು ತಿಂಗಳು ಹನ್ನೊಂದೂವರೆಗೆ ಉಣಿಸಿದ್ದೀರಿ, ಹಾಗಾಗಿ ಹನ್ನೊಂದೂವರೆಗೆ ಗಂಟೆ ಹೊಡೆಯುತ್ತದೆ.

ಕಲಿತದ್ದನ್ನು ಮರೆಸಬಹುದು. ಏಕಾದಶಿಗೆ ಒಪ್ಪೊತ್ತು ಮಾಡುವ ಹಿರಿಯರನ್ನು ಕೇಳಿ: ಊಟದ ಹೊತ್ತಿಗೆ ಹಸಿವು ಜೋರಾಗಿ, ಆ ಹೊತ್ತು ದಾಟಿದರೆ ತಾನೇ ಅಡಗುತ್ತದೆ. 'ಹಸಿವು ಸತ್ತುಹೋಯಿತು' ಎನ್ನುವುದು ಅದನ್ನೇ. ಆದರೆ ಹಗಲು ಹೊಟ್ಟೆ ತುಂಬಿದವನಿಗೆ ಮಾತ್ರ ಈ ಉಪಾಯ ಫಲಿಸುತ್ತದೆ, ಈಗ ನಿಮಗೆ ಹೇಳುವಂಥದ್ದಲ್ಲ.

ನಿದ್ದೆಯ ವಿಷಯವನ್ನು ನೀವು ಪ್ರಶ್ನೆಯಾಗಿ ಕೇಳಲೇ ಇಲ್ಲ. ಹನ್ನೆರಡೂವರೆಗೆ ಮಲಗಿ ಐದಕ್ಕೆ ಏಳುವುದೆಂದರೆ ನಾಲ್ಕೂವರೆ ಗಂಟೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ 12 ಮಂದಿ ಆರೋಗ್ಯವಂತ ಹುಡುಗರ ಮೇಲೆ ಒಂದು ಪ್ರಯೋಗ ನಡೆದಿತ್ತು. ಬರೇ ಎರಡು ರಾತ್ರಿ ನಾಲ್ಕು ನಾಲ್ಕು ಗಂಟೆ ಮಲಗಿಸಿದ್ದಕ್ಕೆ, ಹತ್ತು ಗಂಟೆ ಮಲಗಿದಾಗಿಗಿಂತ ಗ್ರೆಲಿನ್ 28 ಶೇಕಡಾ ಏರಿತು. ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ 18 ಶೇಕಡಾ ಇಳಿಯಿತು. ಎರಡು ರಾತ್ರಿಗೆ ಅಷ್ಟು. ನಿಮ್ಮದು ತಿಂಗಳುಗಟ್ಟಲೆ ನಡೆದಿದೆ. ನಾನು ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಡ್ಯೂಟಿಯ ಮರುದಿನ ಬೆಳಿಗ್ಗೆ ಬೇಕರಿಯಲ್ಲಿ ನಿಂತು ಮೂರು ಪಫ್ಸು ತಿಂದು, ಮೆಸ್ಸಿಗೆ ಹೋಗಿ ಮತ್ತೆ ಊಟ ಮಾಡುತ್ತಿದ್ದೆ. ಹಸಿವೋ ನಿದ್ದೆಯೋ ಎಂದು ಆ ದೇಹಕ್ಕೂ ಗೊತ್ತಿರಲಿಲ್ಲ, ಡಾಕ್ಟರಾಗಲು ಹೊರಟ ನನಗೂ ಗೊತ್ತಿರಲಿಲ್ಲ.

ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಏನು ಮಾಡುತ್ತೀರಿ ಎಂದು ನೀವು ಬರೆದಿಲ್ಲ. ಫೋನಿರಬೇಕು. ನಾನು ಬೈಯುವುದಿಲ್ಲ. ಬೆಳಿಗ್ಗೆ ಜಿಮ್ಮು, ಹಗಲು ಆಫೀಸು, ನಡುವೆ ರೈಲು. ಇಡೀ ದಿನದಲ್ಲಿ ನಿಮ್ಮದೆಂದು ಇರುವ ಹೊತ್ತು ಅದೊಂದೇ. ಆ ಹೊತ್ತಿಗೆ ಕುರುಕುರು ಎನ್ನುವುದೇನಾದರೂ ಜೊತೆಗಿರಲಿ ಎಂದು ಅನ್ನಿಸುವುದು ಸಹಜ. ಆದರೆ ಎರಡು ಗಂಟೆಯಲ್ಲಿ ಒಂದೂವರೆಯನ್ನಾದರೂ ನಿದ್ದೆಗೆ ಕೊಡಿ. ಹತ್ತೂಮುಕ್ಕಾಲಿಗೆ ದೀಪ ಆರಿದರೆ ಹನ್ನೊಂದೂವರೆಯ ಗಂಟೆ ಹೊಡೆಯುವಾಗ ನೀವು ಮನೆಯಲ್ಲೇ ಇದ್ದೂ ಇಲ್ಲದಂತೆ. ಜಿಮ್ಮನ್ನು ಐದರಿಂದ ನಾಲ್ಕು ದಿನಕ್ಕೆ ಇಳಿಸಿ, ಒಂದು ದಿನ ಆರೂವರೆವರೆಗೆ ಮಲಗಿ. ಸ್ನಾಯು ಬೆಳೆಯಲೂ ಅದು ಬೇಕು. ಸಂಜೆಯ ಕಪ್ಪು ಚಾ ಐದರೊಳಗೆ ಮುಗಿಯಲಿ. ಕುಡಿದ ಕೆಫೀನಿನ ಅರ್ಧ ಕಳೆಯಲು ಸುಮಾರು ಐದು ಗಂಟೆ ಬೇಕು.

ಇನ್ನು ಊಟ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಔಷಧ ಇಲ್ಲೇ ಇರುವುದು.

ಮೊದಲು ಪ್ರೋಟೀನು. ನಮ್ಮ ದೇಶದ ಶಿಫಾರಸು ಸಾಮಾನ್ಯರಿಗೆ ಕಿಲೋ ತೂಕಕ್ಕೆ 0.83 ಗ್ರಾಂ. ಭಾರ ಎತ್ತುವವರು, ತೂಕ ಇಳಿಸುತ್ತಿರುವವರು 1.4ರಿಂದ 1.6ರವರೆಗೆ ಹೋಗುವುದು ಒಳ್ಳೆಯದು. ನಿಮಗೆ 100 ಗ್ರಾಂ ಎಂದಿಟ್ಟುಕೊಳ್ಳಿ. ಈಗ ನಿಮಗೆ ಸಿಗುತ್ತಿರುವುದು 35 ದಾಟಲಿಕ್ಕಿಲ್ಲ. ಹೊಟ್ಟೆಯನ್ನು ಹೆಚ್ಚು ಹೊತ್ತು ಸುಮ್ಮನಿರಿಸುವುದು ಇದೇ. ಸಸ್ಯಾಹಾರದ ಮನೆಯಲ್ಲಿ 100 ಹೇಗೆ ಎನ್ನುತ್ತೀರಾ? ಅರ್ಧ ಲೀಟರ್ ಹಾಲಿನಲ್ಲಿ 16, ಆಫೀಸಿನ ಹತ್ತಿರ ಎರಡು ಬೇಯಿಸಿದ ಮೊಟ್ಟೆಯಲ್ಲಿ 12, 50 ಗ್ರಾಂ ಕಡಲೆಯಲ್ಲಿ 10, ಅಷ್ಟೇ ಹೆಸರಿನಲ್ಲಿ 12, ಒಂದು ಹಿಡಿ ನೆಲಗಡಲೆಯಲ್ಲಿ 7, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6, 30 ಗ್ರಾಂ ಸೋಯಾ ಚಂಕ್ಸಿನಲ್ಲಿ 15. ಅನ್ನ, ದೋಸೆ, ಚಪಾತಿಯಿಂದ ಉಳಿದದ್ದು ಬರುತ್ತದೆ. ಪುಡಿಯ ಡಬ್ಬ ತರಲೇಬೇಕೆಂದಿಲ್ಲ. ತಂದರೆ ವಿಷವೂ ಅಲ್ಲ, ಹಾಲಿನದ್ದೇ ಸರಕು.

ಬೆಳಿಗ್ಗೆ ಜಿಮ್ಮಿನಿಂದ ಬಂದವರಿಗೆ ಬರೇ ಓಟ್ಸು ಸಾಲದು. ಪುಟ್ಟು-ಕಡಲೆ, ಎಂದರೆ ಕೊಳವೆಯಲ್ಲಿ ಹಬೆಗೆ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು ಮತ್ತು ಕಡಲೆ ಗಸಿ, ನಮ್ಮ ಜಿಲ್ಲೆಯಲ್ಲಿ ಯಾವ ಹೋಟೆಲಿನಲ್ಲೂ ಸಿಗುತ್ತದೆ. ಪುಟ್ಟು ಒಂದು ಕಣೆ, ಕಡಲೆ ಎರಡು ಪಾಲು ಎಂಬ ಲೆಕ್ಕದಲ್ಲಿ ತಿಂದರೆ ಅದಕ್ಕಿಂತ ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ. ಮನೆಯಲ್ಲಾದರೆ ಹೆಸರು ಹಾಕಿ ಅರೆದ ದೋಸೆ ಮೂರು, ಒಂದು ಲೋಟ ಹಾಲು. ಮಧ್ಯಾಹ್ನದ ಚಪಾತಿ ಇರಲಿ, ಪಲ್ಯದ ಜೊತೆ ಕಾಳಿನ ಗಸಿ, ಮೊಸರು ಸೇರಲಿ.

ನಿಮ್ಮ ದಿನದ ದೊಡ್ಡ ಹೊಂಡ ಇರುವುದು ಮಧ್ಯಾಹ್ನ ಒಂದರಿಂದ ರಾತ್ರಿ ಎಂಟೂವರೆಯ ನಡುವೆ. ಏಳೂವರೆ ಗಂಟೆ, ಒಂದು ಕಪ್ಪು ಚಾ. ಮಂಗಳೂರಿನಲ್ಲಿ ರೈಲು ಹತ್ತುವ ಮೊದಲು ಒಂದು ಹಿಡಿ ಹುರಿದ ನೆಲಗಡಲೆ, ಒಂದು ಬಾಳೆಹಣ್ಣು, ಎರಡು ಮೊಟ್ಟೆ, ಇದರಲ್ಲಿ ಯಾವುದಾದರೂ ಎರಡು. 250 ಕ್ಯಾಲೊರಿ ಆದೀತು. ಹೆದರಬೇಡಿ, ಅದು ರಾತ್ರಿಯ 800ರಿಂದ ಕಳೆಯುವ ದುಡ್ಡು. ನನ್ನ ಅನುಭವದಲ್ಲಿ ಮಂಗಳೂರಿಗೆ ಹೋಗಿಬರುವ ಹತ್ತು ಮಂದಿಯಲ್ಲಿ ಆರೇಳು ಮಂದಿಗೆ ಈ ಒಂದು ಬದಲಾವಣೆಯೇ ಅರ್ಧ ಕೆಲಸ ಮಾಡಿದೆ.

ರಾತ್ರಿಗೆ ಅನ್ನ ವಾಪಸು ಬರಲಿ. ಗಂಜಿಯಾಗಿ ಬರಲಿ. ನಮ್ಮ ಮಲಯಾಳಿ ನೆರೆಯವರ ಕಂಜಿ-ಪಯರನ್ನು ನೋಡಿದ್ದೀರಲ್ಲ? ಒಂದು ಬದಿಗೆ ತೆಳಿ, ಎಂದರೆ ಅನ್ನ ಬೆಂದ ನೀರು, ತುಂಬಿದ ಕುಚ್ಚಿಲಕ್ಕಿ ಗಂಜಿ, ಇನ್ನೊಂದು ಬದಿಗೆ ಕಾಯಿತುರಿ ಹಾಕಿ ಒಗ್ಗರಿಸಿದ ಹೆಸರುಕಾಳು. ತೂಕ ಇಳಿಸುವವರಿಗೆ ಯಾರೋ ಲೆಕ್ಕ ಹಾಕಿಯೇ ಮಾಡಿಟ್ಟಂತಿದೆ. 60 ಗ್ರಾಂ ಅಕ್ಕಿ, 50 ಗ್ರಾಂ ಹೆಸರು ಎಂದರೆ 400 ಕ್ಯಾಲೊರಿಯ ಒಳಗೆ, ಪ್ರೋಟೀನು 16 ಗ್ರಾಂ ಹತ್ತಿರ. ತೆಳಿ ಸೇರಿ ದೊಡ್ಡ ಬಟ್ಟಲು ತುಂಬುತ್ತದೆ, ಬಿಸಿಯಿರುವುದರಿಂದ ಗಬಗಬನೆ ತಿನ್ನಲಾಗುವುದಿಲ್ಲ, ಹೊಟ್ಟೆಗೆ ಭಾರ ಬಿದ್ದದ್ದು ಗೊತ್ತಾಗುತ್ತದೆ. ಬದಿಗೆ ಒಂದೆಲಗದ ತಂಬುಳಿ ಆಗಬಹುದು, ಮಿಡಿ ಉಪ್ಪಿನಕಾಯಿ ಒಂದು. ಹಪ್ಪಳ ಬೇಕೇ ಬೇಕಾದರೆ ಕೆಂಡದಲ್ಲೋ ಗ್ಯಾಸಿನ ಮೇಲೋ ಸುಟ್ಟದ್ದು ಎರಡು, ಊಟದ ಜೊತೆಗೇ. ಕಾಯಿತುರಿ ಒಂದು ದೊಡ್ಡ ಚಮಚಕ್ಕೆ ನಿಲ್ಲಲಿ. ತೆಂಗನ್ನು ನಾನು ದೂರುತ್ತಿಲ್ಲ, ಕಾಸರಗೋಡಿನಲ್ಲಿ ಕುಳಿತು ದೂರಿದರೆ ಮನೆಗೆ ಹೋಗುವ ದಾರಿ ಸಿಗಲಿಕ್ಕಿಲ್ಲ. ಆದರೆ ಹಸಿಕಾಯಿ 100 ಗ್ರಾಮಿಗೆ 350 ಕ್ಯಾಲೊರಿ, ನಮ್ಮ ಪದಾರ್ಥಗಳಲ್ಲಿ ಲೆಕ್ಕಕ್ಕೆ ಸಿಗದೆ ನುಸುಳುವುದು ಅದೇ.

ಏಳರ ನಂತರ ತಿಂದದ್ದೆಲ್ಲ ಕೊಬ್ಬಾಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿರುತ್ತದೆ. ಕೊಬ್ಬಿನ ಕೋಶ ಗಡಿಯಾರ ನೋಡಿ ಬಾಗಿಲು ತೆರೆಯುವುದಿಲ್ಲ; ಇಡೀ ದಿನದ ಮೊತ್ತವೇ ಮುಖ್ಯ. ಹಾಗೆಂದು ಹೊತ್ತಿಗೆ ಬೆಲೆಯೇ ಇಲ್ಲವೆಂದೂ ಅಲ್ಲ. 2022ರ ಇನ್ನೊಂದು ಅಧ್ಯಯನದಲ್ಲಿ 16 ಮಂದಿಗೆ ಅದೇ ಊಟವನ್ನು ನಾಲ್ಕು ಗಂಟೆ ತಡವಾಗಿ ಕೊಟ್ಟಾಗ ಹಸಿವು ಹೆಚ್ಚಿತು, ದೇಹದ ಖರ್ಚು ಸ್ವಲ್ಪ ಇಳಿಯಿತು. ನೀವು ಎಂಟೂವರೆಗೆ ಉಂಡು ಹತ್ತೂಮುಕ್ಕಾಲಿಗೆ ಮಲಗಿದರೆ ನನಗೆ ತಕರಾರಿಲ್ಲ.

ಇಷ್ಟು ಮಾಡಿದರೂ ಮೊದಲ ಎರಡು ಮೂರು ವಾರ ಆ ಗಂಟೆ ಹೊಡೆಯುತ್ತದೆ. ಆಗ ಒಂದು ಪರೀಕ್ಷೆ ಮಾಡಿ. ಉಳಿದ ಗಂಜಿ ತಣ್ಣಗಿದೆ, ಉಪ್ಪು ಮಾತ್ರ ಉಂಟು. ಈಗ ಕೊಟ್ಟರೆ ಉಣ್ಣುತ್ತೇನೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉಣ್ಣುತ್ತೇನೆ ಎಂದರೆ ನಿಜವಾದ ಹಸಿವು. ಉಣ್ಣಿ, ಅಥವಾ ಒಂದು ಲೋಟ ಬೆಚ್ಚಗಿನ ಹಾಲು, ಸಕ್ಕರೆಯಿಲ್ಲದೆ. 150 ಕ್ಯಾಲೊರಿಯೊಳಗೆ ಇಂಥದ್ದೇನಾದರೂ ತಿಂದು ಮಲಗಿದರೆ ಏನೂ ಹಾಳಾಗುವುದಿಲ್ಲ, ಹಾಲಿನ ಪ್ರೋಟೀನು ರಾತ್ರಿ ಸ್ನಾಯುವಿನ ರಿಪೇರಿಗೂ ಆಗುತ್ತದೆ. ಗಂಜಿ ಬೇಡ, ಹಪ್ಪಳವೇ ಆಗಬೇಕು ಎಂದು ಮನಸ್ಸು ಹೇಳಿದರೆ ಅದು ಬಾಯಿಚಪಲ. ಅದಕ್ಕೆ ಹಲ್ಲುಜ್ಜಿ ದೀಪ ಆರಿಸುವುದೇ ಸಾಕು, ಹತ್ತು ನಿಮಿಷದಲ್ಲಿ ತಗ್ಗುತ್ತದೆ.

ಡಬ್ಬದ ಬಗ್ಗೆ ಒಂದು ಮಾತು. ಕರಿದ ಹಪ್ಪಳ ಮನೆಯಲ್ಲಿ ಇಡಬೇಡಿ ಎಂದು ಅಮ್ಮನ ಮೇಲೆ ರೇಗುವವರನ್ನು ನೋಡಿದ್ದೇನೆ. ಅಮ್ಮ ರಾತ್ರಿ ಮುಚ್ಚಳದ ಸದ್ದು ಕೇಳಿ ಒಳಗಿನಿಂದ "ಹಶು ಆವುತ್ತಾ ಮಗಾ?" ಎಂದು ಕೇಳುವವರು, ಮಗ ಸೂಪು ಕುಡಿದು ಸೊರಗುತ್ತಿದ್ದಾನೆಂದು ಅವರ ಪಾಲಿಗೆ ಆ ಡಬ್ಬ ತುಂಬಿಸುವುದೇ ಉಪಾಯ. ರಾತ್ರಿ ನೀವು ಅವರೊಟ್ಟಿಗೆ ಕುಳಿತು ಬಟ್ಟಲು ಗಂಜಿ ಉಂಡರೆ ಡಬ್ಬ ತಾನೇ ಹಗುರವಾಗುತ್ತದೆ. ಹಪ್ಪಳವನ್ನು ಒಣಗಿದ ಹಾಗೆಯೇ ಇಟ್ಟು, ಬೇಕಾದಾಗ ಸುಡಲು ಹೇಳಿ. ನಡುರಾತ್ರಿ ಒಲೆ ಹಚ್ಚಿ ಸುಡಬೇಕೆಂದಾದರೆ ಅರ್ಧ ಆಸೆ ಅಲ್ಲೇ ಬಿಟ್ಟುಹೋಗುತ್ತದೆ. ಚಿಪ್ಸನ್ನು ಮಾತ್ರ ಕಾಲು ಕಿಲೋ ಕಟ್ಟಿಸಿಕೊಂಡು ಬರುವುದು ನೀವೇ ಇರಬೇಕು, ಅದನ್ನು ನಿಲ್ಲಿಸಿ.

ಮತ್ತು ಮರುದಿನದ ಪ್ರಾಯಶ್ಚಿತ್ತ ನಿಲ್ಲಲೇಬೇಕು. ರಾತ್ರಿ ಜಾಸ್ತಿ ತಿಂದೆನೆಂದು ಬೆಳಿಗ್ಗೆ ಉಪವಾಸ ಬಿದ್ದರೆ ಆ ರಾತ್ರಿಯ ಹಸಿವಿಗೆ ನೀವೇ ಅಡಿಪಾಯ ಹಾಕಿದಂತೆ. ಎಷ್ಟೇ ಎಡವಿದ್ದರೂ ಬೆಳಗ್ಗಿನ ತಿಂಡಿ ತಪ್ಪಿಸಬೇಡಿ. ಶನಿವಾರದ ಪರೋಟ ಎರಡಕ್ಕೆ ಇರಲಿ, ಜೊತೆಗೆ ಮೊಟ್ಟೆ ಕರಿ. ಗೆಳೆಯರನ್ನು ಬಿಡುವುದು ಬೇಡ.

ಕೆಲವು ಸಂಗತಿಗಳಿಗೆ ಮಾತ್ರ ಗಂಜಿಯಲ್ಲಿ ಉತ್ತರವಿಲ್ಲ. ಮೇಲುಹೊಟ್ಟೆಯಲ್ಲಿ ಉರಿ, ಕೊರೆತ, ಊಟವಾಗಿ ಎರಡು ಮೂರು ಗಂಟೆಗೆ ಅಥವಾ ನಡುರಾತ್ರಿ ಬಂದು, ಏನಾದರೂ ತಿಂದ ಕೂಡಲೇ ಇಳಿದರೆ ಅದು ಸಣ್ಣಕರುಳಿನ ಆರಂಭದ ಹುಣ್ಣಾಗಿರಬಹುದು. ಬಹಳ ಜನ ಇದನ್ನು ವರ್ಷಗಟ್ಟಲೆ ಹಸಿವೆಂದೇ ತಿಳಿದು ಬಿಸ್ಕೆಟ್ ತಿನ್ನುತ್ತಿರುತ್ತಾರೆ. ಹಸಿವಿನೊಟ್ಟಿಗೆ ಬಾಯಾರಿಕೆ, ಪದೇಪದೇ ಮೂತ್ರ ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಎದೆ ಡವಡವ, ಕೈನಡುಕ, ತಿಂದರೂ ತೂಕ ಇಳಿಯುವುದು ಇದ್ದರೆ ಥೈರಾಯ್ಡ್. ನಿದ್ದೆಯಿಂದ ಎದ್ದು ತಿನ್ನದೆ ಮತ್ತೆ ನಿದ್ದೆ ಬಾರದು ಎಂಬಂತೆ ವಾರಕ್ಕೆ ಎರಡು ಸಲವೋ ಅದಕ್ಕಿಂತ ಹೆಚ್ಚೋ ಆಗುತ್ತಿದ್ದರೆ ಅದಕ್ಕೆ ಬೇರೆಯೇ ಹೆಸರುಂಟು, ಆಲ್ಬರ್ಟ್ ಸ್ಟಂಕರ್ಡ್ ಎಂಬ ವೈದ್ಯರು 1955ರಲ್ಲೇ ಗುರುತಿಸಿದ ರಾತ್ರಿ ತಿನ್ನುವ ಕಾಯಿಲೆ. ಅಡಗಿ ತಿನ್ನುವುದು, ನಿಲ್ಲಿಸಲಾಗದಷ್ಟು ತಿಂದು ಹೇಸಿಗೆಪಡುವುದು ಇದ್ದರೆ ಮನೋವೈದ್ಯರಲ್ಲಿ ಮಾತಾಡಲು ನಾಚಬೇಡಿ, ಚಿಕಿತ್ಸೆ ಇದೆ. ನೀವು ಬರೆದದ್ದರಲ್ಲಿ ಇವು ಯಾವುವೂ ನನಗೆ ಕಾಣಲಿಲ್ಲ.

66ರ ವಿಷಯ. 71 ಕಿಲೋ ನಿಮ್ಮ ಎತ್ತರಕ್ಕೆ ಸರಿಯಾದ ತೂಕವೇ. ಮೊದಲ ಎರಡು ವಾರ ತೂಕ ಇಳಿಸುವ ಯೋಚನೆಯನ್ನೇ ಬಿಟ್ಟು ದಿನಕ್ಕೆ 2,200ರಷ್ಟು ಹೊತ್ತುಹೊತ್ತಿಗೆ ತಿನ್ನಿ. ಅನ್ನ ವಾಪಸು ಬಂದಾಗ ನೀರಿನ ತೂಕ ಒಂದು ಕಿಲೋ ಏರಬಹುದು, ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿಬಿಡಿ. ಆಮೇಲೆ ದಿನಕ್ಕೆ 300, 400 ಕಡಿಮೆ ಮಾಡಿದರೆ ತಿಂಗಳಿಗೆ ಒಂದು, ಒಂದೂಕಾಲು ಕಿಲೋ ಇಳಿದೀತು. ಮದುವೆಯ ಹೊತ್ತಿಗೆ 67ರಿಂದ 68. 66 ಆಗಲಿಕ್ಕಿಲ್ಲ, ಆದರೆ ಸ್ನಾಯು ಉಳಿದಿರುವುದರಿಂದ ಸೊಂಟದಲ್ಲಿ ವ್ಯತ್ಯಾಸ ಕಾಣುತ್ತದೆ. ಮದುವೆಯ ಕೋಟಿಗೆ ಅಳತೆ ಈಗಲೇ ಕೊಡಬೇಡಿ, ಒಂದು ತಿಂಗಳು ಇರುವಾಗ ಕೊಡಿ. ದರ್ಜಿಗೆ ಹೊಲಿಗೆಯೊಳಗೆ ಸ್ವಲ್ಪ ಬಟ್ಟೆ ಬಿಡಲು ಹೇಳಿ, ಮದುವೆಯ ನಂತರದ ತಿಂಗಳು ಸಮ್ಮಾನದ ಊಟಗಳಿರುತ್ತವಲ್ಲ.